ಗ್ಯಾದರಿಂಗಿಗೆ ಸ್ನೋ, ಪೌಡರು

ಐವತ್ತರ ದಶಕದ ಕೊನೆಯ ಹೊತ್ತಿಗೆ ನಾನು ರೋಣದ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಓದುತ್ತಿದ್ದೆ. ತರಗತಿಯಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಶಾಲೆಯ ವಾರ್ಷಿಕ ಸಮಾರಂಭವನ್ನು ನಮ್ಮ ಕಡೆ ಗ್ಯಾದರಿಂಗ್ ಎನ್ನುತ್ತಿದ್ದರು. ಆ ಸಂಜೆ ಹುಡುಗಿಯರ ಪರವಾಗಿ ಬೀಳ್ಕೊಡುಗೆಯ ಮಾತಾಡಲು ಮಾಸ್ತರರು ನನ್ನನ್ನು ಆರಿಸಿದರು. ಮಾತಿನ ಬಗ್ಗೆ ನನಗೆ ಭಯವಿರಲಿಲ್ಲ. ಭಯವಿದ್ದದ್ದು ಮುಖದ ಬಗ್ಗೆ. ಸಣ್ಣವಳಿದ್ದಾಗ ಬಂದ ಸಿಡುಬು ಕೆನ್ನೆ, ಹಣೆ, ಮೂಗಿನ ಮೇಲೆಲ್ಲ ಕಲೆ ಬಿಟ್ಟಿತ್ತು. ಮುಂದಿನ ಬೆಂಚಿನಲ್ಲಿ ಕೂತರೆ ಹಿಂದಿನವರಿಗೆ ಬೆನ್ನಷ್ಟೇ ಕಾಣುತ್ತದೆ ಎಂದು ಸದಾ ಅಲ್ಲೇ ಕೂರುತ್ತಿದ್ದೆ. ಈಗ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಊರೆಲ್ಲ ಎದುರು ಕೂತು ನೋಡುವುದಿತ್ತು.

ಗೆಳತಿಯರಿಗೆ ಮುಖಕ್ಕೆ ಏನು ಹಚ್ಚಿಕೊಳ್ಳಬೇಕೆಂಬುದೇ ಮಾತು. ಒಬ್ಬಳ ಅಣ್ಣ ಗದಗಿನಿಂದ ಪೌಡರಿನ ಡಬ್ಬಿ ತಂದಿದ್ದ. ಇನ್ನೊಬ್ಬಳು ತುಟಿಗೆ ಎಲೆ-ಅಡಿಕೆಯ ಕೆಂಪೇ ಸಾಕೆನ್ನುತ್ತಿದ್ದಳು. ನಾನು ನನ್ನ ವೈನಿಯ ಬೆನ್ನುಹತ್ತಿದೆ. ವೈನಿ ಎಂದರೆ ಅಣ್ಣನ ಹೆಂಡತಿ, ಹುಬ್ಬಳ್ಳಿಯವಳು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಟ್ರಂಕಿನಲ್ಲಿ ಸ್ನೋ ಎನ್ನುತ್ತಿದ್ದ ಮುಖದ ಕ್ರೀಮು, ಪೌಡರು ಎರಡೂ ಇದ್ದವು. ನಮ್ಮ ಅವ್ವನಿಗೆ ಹೆದರಿ ಅವಳು ಅವನ್ನು ಹೊರಗೆ ತೆಗೆದಿರಲಿಲ್ಲ. ಮುಖಕ್ಕೆ ಬಳಿದುಕೊಳ್ಳುವುದು ನಾಟಕದವರ ಕೆಲಸ ಎಂಬುದು ಅವ್ವನ ಕಟ್ಟುನಿಟ್ಟಾದ ಅಭಿಪ್ರಾಯ.

ಗ್ಯಾದರಿಂಗಿನ ದಿನ ಮಧ್ಯಾಹ್ನ ಅವ್ವ ನೆರೆಮನೆಗೆ ಹೋದದ್ದೇ ತಡ, ವೈನಿ ಬಾಗಿಲು ಮುಂದೆ ಮಾಡಿ ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿದಳು. ಮೊದಲು ಸ್ನೋ ಹಚ್ಚಿದಳು, ಮೇಲೆ ಪೌಡರು. ಕನ್ನಡಿ ನೋಡಿದೆ. ಪೌಡರು ಕಲೆಗಳ ಕುಳಿಯಲ್ಲೆಲ್ಲ ಕೂತು ಒಂದೊಂದೂ ಬೆಳ್ಳಗೆ ಎದ್ದು ಕಾಣುತ್ತಿತ್ತು. ವೈನಿ ಒರೆಸಿದಳು, ಪೌಡರು ಕಡಿಮೆ ಮಾಡಿ ಮತ್ತೆ ಹಚ್ಚಿದಳು. ಹಚ್ಚಿದಷ್ಟೂ ಕೆಟ್ಟಿತು. ಸಮಾರಂಭಕ್ಕೆ ಹೋಗುವುದೇ ಇಲ್ಲವೆಂದು ಅಳತೊಡಗಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅವ್ವ ನಿಂತಿದ್ದಳು.

ವೈನಿ ದಡಬಡಿಸಿ ಎದ್ದು, ತಾನೇ ಹಚ್ಚಿದ್ದೆಂದಳು. ಅವ್ವ ಒಳಗೆ ಹೋದಳು. ತಂಬಿಗೆಯಲ್ಲಿ ನೀರು, ಬಟ್ಟಲಲ್ಲಿ ಕಡಲೆಹಿಟ್ಟು ತಂದು ತಾನೇ ನನ್ನ ಮುಖ ತೊಳೆದಳು. ಇನ್ನೇನು ಬೈಗುಳ ಬಂತೆಂದು ನಾನು ಕಣ್ಣು ಮುಚ್ಚಿಯೇ ಕೂತಿದ್ದೆ.

“ಕಣ್ಣ ತಗಿ,” ಎಂದಳು.

ತೆಗೆದೆ.

“ಸಿಡುಬ ಎದ್ದಾಗ ಈ ಕಣ್ಣ ಮುಚ್ಚೇ ಹೋಗಿದ್ವು. ಉಳಿಯೂದಿಲ್ಲ ಅಂತ ಎಲ್ಲಾರೂ ಅಂದಿದ್ರು. ನೀ ಕಣ್ಣ ತಗದು ‘ಅವ್ವಾ’ ಅಂದ ದಿನ ನಾ ನಿನ್ನ ಮಾರಿಮ್ಯಾಲಿನ ಕಲಿ ನೋಡ್ಲೇ ಇಲ್ಲ. ಕಣ್ಣಷ್ಟ ನೋಡ್ಕೋತ ಕೂತಿದ್ದೆ.”

ಈ ಮಾತನ್ನು ಅವಳು ಎಂದೂ ಆಡಿರಲಿಲ್ಲ. ಮನೆಯಲ್ಲಿ ಆ ಬೇನೆಯ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ನನ್ನ ಮುಖದಿಂದ ಅವ್ವನಿಗೆ ನಾಚಿಕೆಯಾಗುತ್ತದೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಅವ್ವ ತಾನೇ ಮನೆಯಲ್ಲಿ ಮಾಡಿದ ಕಾಡಿಗೆಯನ್ನು ಬೆರಳ ತುದಿಯಲ್ಲಿ ತೆಗೆದು ನನ್ನ ಎರಡೂ ಕಣ್ಣಿಗೆ ತೀಡಿದಳು. ಹಣೆಗೆ ಕುಂಕುಮವಿಟ್ಟಳು. ಸ್ವಲ್ಪ ಸ್ನೋ ಹಚ್ಚಲೇ ಎಂದು ವೈನಿ ಅಂಜುತ್ತ ಕೇಳಿದಳು.

“ಆಕೀನ್ನ ಕೇಳು. ಮಾರಿ ಆಕೀದು,” ಎಂದಳು ಅವ್ವ.

ನಾನು ಬೇಡವೆಂದೆ.

ಸಂಜೆ ವೇದಿಕೆ ಹತ್ತಿದಾಗ ಕೈ ತಾನಾಗಿ ಸೆರಗನ್ನು ಕೆನ್ನೆಗೆ ಎಳೆಯಿತು. ಹೆಂಗಸರ ಸಾಲಿನಲ್ಲಿ ವೈನಿಯ ಪಕ್ಕ ಅವ್ವ ಕೂತಿದ್ದಳು. ಅದುವರೆಗೆ ಶಾಲೆಯ ಯಾವ ಸಮಾರಂಭಕ್ಕೂ ಅವಳು ಬಂದವಳಲ್ಲ. ಸೆರಗು ಬಿಟ್ಟು ಮಾತು ಶುರುಮಾಡಿದೆ. ಮಳೆ ಇರಲಿ ಇಲ್ಲದಿರಲಿ ಮಾಸ್ತರರ ಕಂಕುಳಲ್ಲಿರುತ್ತಿದ್ದ ಛತ್ರಿಯ ಬಗ್ಗೆ ಹೇಳಿದ್ದಕ್ಕೆ ಎಲ್ಲರೂ ನಕ್ಕರು, ಮಾಸ್ತರರೂ ನಕ್ಕರು. ಮುಗಿಸಿ ಇಳಿಯುವ ತನಕ ಮುಖದ ನೆನಪೇ ಆಗಲಿಲ್ಲ.

ಮನೆಗೆ ಬಂದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಬೆಳಗಿನಿಂದ ಒಂದು ತುತ್ತೂ ಇಳಿದಿರಲಿಲ್ಲ. ಒಲೆಯ ಪಕ್ಕ ಕೂತು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ಉಂಡೆ. ನಾನು ಕೇಳುವ ಮೊದಲೇ ಅವ್ವ ಇನ್ನೊಂದು ರೊಟ್ಟಿ ಬಡಿಸಿದಳು.