ಎರಡನೇ ಭಾಗದಲ್ಲಿ ಬರ್ತಾಳೆ

ಅರಸೀಕೆರೆಯ ಇಂದುಧರ ಮಕ್ಕಳಿಗೆ ಸಿನಿಮಾ ತೋರಿಸುತ್ತಿದ್ದ ಎಂದರೆ ಅರ್ಧ ಮಾತ್ರ ಹೇಳಿದಂತೆ. ಅವನು ಸಿನಿಮಾ ಹೇಳುತ್ತಿದ್ದ. ಟೀವಿ, ವೀಸಿಡಿ ಪ್ಲೇಯರು, ಒಂದು ಬಿದಿರು ಕೋಲು, ಇಷ್ಟನ್ನು ಆಟೋದಲ್ಲಿ ಹಾಕಿಕೊಂಡು ಬಾಣಾವರ, ಗಂಡಸಿ ಎಂದು ಶಾಲೆಯಿಂದ ಶಾಲೆಗೆ ಹೋಗುವುದು ಅವನ ಕಸುಬು. ತರುತ್ತಿದ್ದುದೆಲ್ಲ ಇಂಗ್ಲಿಷಿನ ಕಾರ್ಟೂನ್ ಸಿನಿಮಾ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು, ಕಲಿಸುವ ನನಗೇ ಅಷ್ಟಕ್ಕಷ್ಟೆ. ಅದಕ್ಕೇ ಅವನು ಟೀವಿಯ ದನಿ ತಗ್ಗಿಸಿ, ಪಕ್ಕ ನಿಂತು, ಕೋಲಿನಿಂದ ತೋರಿಸುತ್ತ, ಎಲ್ಲರ ಮಾತನ್ನೂ ತಾನೇ ಕನ್ನಡದಲ್ಲಿ ಆಡುತ್ತಿದ್ದ. ರಾಜ ಬಂದರೆ ರಾಜನ ಗತ್ತು, ಕಪ್ಪೆ ಬಂದರೆ ಕಪ್ಪೆಯ ವಟವಟ. ನಾನು ಗಂಡಸಿಯಲ್ಲಿ ಟೀಚರಾಗಿದ್ದ ಹತ್ತು ವರ್ಷದಲ್ಲಿ ಆ ಮಕ್ಕಳನ್ನು ಒಂದು ಗಂಟೆ ಸುಮ್ಮನೆ ಕೂರಿಸಿದ ಇನ್ನೊಬ್ಬನನ್ನು ಕಾಣೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವನ ಎರಡನೇ ಮಗು ಹುಟ್ಟಿದ ಹತ್ತೇ ದಿನಕ್ಕೆ ಹೋಯಿತು. ಅಂದಿನಿಂದ ಹೆಂಡತಿ ಶಾಂತಾದೇವಿ ಮಾತು ಬಿಟ್ಟಳು. 2002ರ ಶ್ರಾವಣದ ಒಂದು ಬೆಳಿಗ್ಗೆ ಅವಳು ರೈಲ್ವೆ ಸ್ಟೇಷನ್ನಿನ ಕಡೆ ನಡೆದು ಹೋದದ್ದನ್ನು ಹೂ ಮಾರುವವಳು ಕಂಡಳಂತೆ. ಆಮೇಲೆ ಯಾರೂ ಕಾಣಲಿಲ್ಲ. ಇಂದುಧರ ಅವಳ ಫೋಟೋ ಹಿಡಿದು ಹುಬ್ಬಳ್ಳಿಯವರೆಗೂ ಒಂದೊಂದು ಸ್ಟೇಷನ್ನಿನಲ್ಲೂ ಇಳಿದು ಕೇಳಿದ. ಎಂಟು ವರ್ಷದ ಮಗಳು ಶಿಲ್ಪಾಳಿಗೆ, "ಬರ್ತಾಳೆ" ಎಂದ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅವಳ ಶಾಲೆಗೆ ರಜೆಯಿದ್ದ ದಿನ ಅವಳನ್ನೂ ಆಟೋದಲ್ಲಿ ಕರೆತರುತ್ತಿದ್ದ.

ಇನ್ನೊಂದು ವಿಷಯವನ್ನು ನನಗೊಬ್ಬಳಿಗೇ ಹೇಳಿದ್ದ. ಶಾಂತಾದೇವಿಯ ಇಷ್ಟಲಿಂಗದ ಬೆಳ್ಳಿ ಕರಡಿಗೆ ಲಿಂಗದ ಸಮೇತ ದೇವರ ಗೂಡಿನಲ್ಲೇ ಇತ್ತು. ಸ್ನಾನಕ್ಕೂ ಕೊರಳಿಂದ ತೆಗೆಯದವಳು ಅದನ್ನು ಬಿಚ್ಚಿಟ್ಟು ಹೋಗಿದ್ದಳು. ಅವಳು ತಿರುಗಿ ಬರಲು ಹೋದವಳಲ್ಲ ಎಂದು ನನಗೆ ಆ ಕ್ಷಣವೇ ಅರ್ಥವಾಯಿತು. ಅವನು ಮಾತ್ರ ಅರ್ಥ ಮಾಡಿಕೊಳ್ಳಲು ಒಪ್ಪಲಿಲ್ಲ. ಕರಡಿಗೆಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಮುಚ್ಚಿಟ್ಟ.

ಅದೇ ವರ್ಷ ಅವನು ಒಂಟೆಯ ಸಿನಿಮಾ ತಂದದ್ದು. ತಾಯಿ ಒಂಟೆ, ಮರಿ ಒಂಟೆ, ತಾಯಿಯ ಕೊರಳಲ್ಲಿ ಹಿತ್ತಾಳೆ ಗಂಟೆ. ಅರ್ಧಕ್ಕೆ ಬರುವಾಗ ಮರಳುಗಾಳಿ ಎದ್ದು ತಾಯಿ ಬೀಳುತ್ತದೆ, ಏಳುವುದಿಲ್ಲ. ಒಬ್ಬ ಮುದುಕ ಅದರ ಗಂಟೆಯನ್ನು ಬಿಚ್ಚಿ ಮರಿಯ ಕೊರಳಿಗೆ ಕಟ್ಟುತ್ತಾನೆ. ಸತ್ತಿತು ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನಂಥವಳಿಗೂ ತಿಳಿಯಿತು. ಇಂದುಧರ ಮುಂದಿನ ಸಾಲಿನಲ್ಲಿ ಕೂತಿದ್ದ ಶಿಲ್ಪಾಳ ಕಡೆ ನೋಡಿದ.

"ಸುಸ್ತಾಗಿ ಮಲಗವಳೆ," ಎಂದ. "ಗಂಟೆ ಜೋಪಾನ ಮಾಡು ಮಗಾ ಅಂದವಳೆ. ಎರಡನೇ ಭಾಗದಲ್ಲಿ ಬರ್ತಾಳೆ."

ಮಕ್ಕಳು ಚಪ್ಪಾಳೆ ಹೊಡೆದರು. ಬಾಯಿ ಜೋರು ಎಂದು ಊರೆಲ್ಲ ಹೆಸರಾದ ನಾನು ಆ ದಿನ ತುಟಿ ಎರಡು ಮಾಡಲಿಲ್ಲ. ಅಂಥದ್ದಕ್ಕೆಲ್ಲ ಯಾರು ಎರಡನೇ ಭಾಗ ತೆಗೆಯುತ್ತಾರೆ ಎಂದುಕೊಂಡೆ.

ಎರಡು ವರ್ಷಕ್ಕೆ ತೆಗೆದೇಬಿಟ್ಟರು. ಅಷ್ಟರಲ್ಲಿ ಹೋದ ಹೋದ ಶಾಲೆಯಲ್ಲೆಲ್ಲ ಮಕ್ಕಳು, "ಒಂಟೆ ಅವ್ವ ಯಾವಾಗ ಬತ್ತಾಳೆ ಸಾರ್?" ಎಂದು ಅವನ ಪ್ರಾಣ ತಿನ್ನುತ್ತಿದ್ದರು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಡಿಸ್ಕ್ ಹಿಡಿದು ಒಬ್ಬನೇ ಬಂದ. ಸ್ಟಾಫ್ ರೂಮಿನಲ್ಲಿ ಇಬ್ಬರೂ ಕೂತು ನೋಡಿದೆವು. ಅವನು ಆಗಲೇ ನಾಲ್ಕು ಸಲ ನೋಡಿದ್ದನಂತೆ. ಬಣ್ಣ ಜೋರು, ಕುಣಿತ ಜೋರು, ಕಥೆ ಸೊನ್ನೆ. ಬೆಳೆದ ಮರಿ ಗೆಳೆಯರ ಜೊತೆ ಕುಣಿದದ್ದೇ ಕುಣಿದದ್ದು. ತಾಯಿಯ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ.

"ಮೊದಲನೇದರ ಕಾಲಧೂಳಿಗೂ ಸಮ ಇಲ್ಲ ಇದು. ತೋರಿಸಬೇಡಿ," ಎಂದೆ.

"ಬರ್ತಾಳೆ ಅಂದ್ಬಿಟ್ಟಿದ್ದೀನಿ ಮೇಡಂ. ಶಿಲ್ಪಾ ಕ್ಯಾಲೆಂಡರ್ ನೋಡ್ಕೊಂಡು ಕೂತವಳೆ. ಬರಲಿಲ್ಲ ಅಂದ್ರೆ ಅವಳಿಗೇನು ಹೇಳ್ಲಿ? ನನಗೆ ನಾನು ಏನ್ ಹೇಳ್ಕೊಳ್ಲಿ?"

ಕೊನೆಯಲ್ಲಿ ಒಂದು ಸಂತೆ ಬರುತ್ತದೆ. ಜನರ ಹಿಂದೆ ಯಾವುದೋ ಒಂಟೆ ಎರಡು ಕ್ಷಣ ಕತ್ತು ಎತ್ತಿ ಮರೆಯಾಗುತ್ತದೆ. ಅವನು ಅಲ್ಲಿಗೆ ನಿಲ್ಲಿಸಿ ಆ ಒಂಟೆಯ ಮೇಲೆ ಕೋಲು ಇಟ್ಟ. "ಇವಳೇ ಅಂತೀನಿ. ಆಗ್ತದೆ ಅಲ್ವಾ ಮೇಡಂ?"

ಬೈಯಬೇಕಿತ್ತು. ಅವನ ಮುಖ ನೋಡಿ, "ಆಗ್ತದೆ," ಎಂದೆ. ಆ ಮಾತಿಗೆ ಇವತ್ತಿಗೂ ನನ್ನನ್ನು ನಾನೇ ಶಪಿಸಿಕೊಳ್ಳುತ್ತೇನೆ.

ಮುಂದಿನ ಶನಿವಾರ ಶೋ. ಇಂದುಧರ ಅಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ. ಸಂತೆ ಬಂದಾಗ ಚಿತ್ರ ನಿಲ್ಲಿಸಿ, "ಅಗೋ! ಬಂದ್ಲು ನೋಡ್ರಿ!" ಎಂದು ಕೂಗಿದ. ಹೆಂಚು ಹಾರಿಹೋಗುವ ಹಾಗೆ ಮಕ್ಕಳು ಕಿರುಚಿದರು. ಹೊರಗೆ ಓಡುತ್ತ, "ಎರಡನೇದೇ ಸೂಪರ್ ಕಣ್ಲಾ, ಅವ್ವ ಬಂದ್ಲಲ್ಲ!" ಎಂದು ತೀರ್ಪು ಕೊಟ್ಟುಕೊಂಡರು.

ಕೋಣೆಯಲ್ಲಿ ನಾವು ಮೂವರೇ ಉಳಿದೆವು. ಶಿಲ್ಪಾ ವೈರು ಸುತ್ತುತ್ತಿದ್ದಳು. ಅವನು ಬೆವರು ಒರೆಸಿಕೊಂಡು ಅವಳ ಮುಂದೆ ಕುಕ್ಕರಿಸಿದ. ಇಡೀ ತಾಲ್ಲೂಕು ಮೆಚ್ಚಿದರೂ ಅವನಿಗೆ ಬೇಕಿದ್ದದ್ದು ಇವಳ ಮಾತು.

"ಯಾವುದು ಚೆನ್ನಾಗಿತ್ತು ಮಗಳೇ?"

"ಮೊದಲನೇದು."

"ಯಾಕವ್ವಾ? ಇದರಲ್ಲಿ ಅಮ್ಮ ಬಂದ್ಲಲ್ಲ!"

"ಅದರಲ್ಲಿ ಅರ್ಧದ ತನಕ ಆದ್ರೂ ಅಮ್ಮ ಇದ್ಲು. ಇದರಲ್ಲಿ ಇಲ್ಲವೇ ಇಲ್ಲ." ವೈರು ಸುತ್ತುವುದನ್ನು ಅವಳು ನಿಲ್ಲಿಸಲಿಲ್ಲ. "ನೀನು ತೋರಿಸಿದ್ದು ಬೇರೆ ಒಂಟೆ ಕಣಪ್ಪ. ಅಮ್ಮನೇ ಆಗಿದ್ರೆ ಗಂಟೆ ವಾಪಸ್ ಕೇಳ್ತಿರಲಿಲ್ವಾ? ಅದು ಇನ್ನೂ ಮರಿ ಕೊರಳಲ್ಲೇ ಐತೆ."

ಅವನು ಏನೋ ಹೇಳಲು ಬಾಯಿ ತೆರೆದ.

"ನಮ್ಮಮ್ಮನ ಕರಡಿಗೆನೂ ಬೀರುವಿನಲ್ಲೇ ಐತೆ. ನಾನು ಹೋದ ವರ್ಷವೇ ನೋಡ್ದೆ."

ಇಂದುಧರ ಕುಕ್ಕರಿಸಿದವನು ಹಾಗೇ ನೆಲಕ್ಕೆ ಕುಸಿದ. ಎಲ್ಲರ ಮಾತನ್ನೂ ಆಡುತ್ತಿದ್ದವನಿಗೆ ತನ್ನದೊಂದು ಮಾತು ಹೊರಡಲಿಲ್ಲ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

"ಅದನ್ನ ಏನ್ ಮಾಡ್ಲಿ ಮೇಡಂ?" ಎಂದು ನನ್ನ ಕಡೆ ತಿರುಗಿದ. "ಅವಳ ಜೊತೆಗೇ ಮಣ್ಣಿಗೆ ಹೋಗ್ಬೇಕಾದ್ದು ಅದು. ಮಣ್ಣು ಮಾಡೋಕೆ ಅವಳೇ ಎಲ್ಲವಳೆ?"

ಶಿಲ್ಪಾ ವೈರಿನ ಸುರುಳಿಯನ್ನು ಪಕ್ಕಕ್ಕಿಟ್ಟು ಅಪ್ಪನ ಬೆನ್ನ ಮೇಲೆ ಕೈಯಿಟ್ಟಳು.

"ನಾನು ಹಾಕ್ಕೊತೀನಿ ಬಿಡಪ್ಪ. ಮರಿ ಹಾಕ್ಕೊಂಡಿಲ್ವಾ?"

ಒಬ್ಬರ ಲಿಂಗವನ್ನು ಇನ್ನೊಬ್ಬರು ಕಟ್ಟಿಕೊಳ್ಳುವಂತಿಲ್ಲ. ಅದನ್ನು ಅವಳಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.