ಬೆಸದಕ್ಕ

ಚದುರಂಗದ ಕ್ಲಬ್ಬಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಬೆಸದಕ್ಕ ಎಂದೇ. ಕ್ಲಬ್ಬು ವರ್ಷಕ್ಕೊಮ್ಮೆ ನಡೆಸುವ ಮುಕ್ತ ಪಂದ್ಯಾವಳಿಗೆ ಎಲ್ಲೆಲ್ಲಿಂದಲೋ ಮುನ್ನೂರು ಚಿಲ್ಲರೆ ಜನ ಬರುತ್ತಿದ್ದರು. ಆಟಕ್ಕೆ ಇಬ್ಬರು ಬೇಕು. ಬಂದವರ ಸಂಖ್ಯೆ ಬೆಸವಾದರೆ ಒಬ್ಬ ಜೋಡಿಯಿಲ್ಲದೆ ಉಳಿಯುತ್ತಾನೆ. ಬೇರೆ ಕಡೆ ಅಂಥವನಿಗೆ ಆಡದೆಯೇ ಒಂದು ಅಂಕ ಕೊಟ್ಟು ಹೊರಗೆ ಕಳಿಸುತ್ತಾರೆ. ಇಲ್ಲಿ ಹಾಗಲ್ಲ. ಕಾರ್ಯದರ್ಶಿಯ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಅವನೆದುರು ಕೂರುತ್ತಿದ್ದಳು. ಮುಂದಿನ ಸುತ್ತಿನ ಹೊತ್ತಿಗೆ ಯಾರಿಗಾದರೂ ಜ್ವರ ಬಂದು ಊರಿಗೆ ಹೊರಟರೆ ಸಂಖ್ಯೆ ಸಮವಾಗುತ್ತಿತ್ತು, ಅವಳು ಎದ್ದು ಹೋಗುತ್ತಿದ್ದಳು. ಅವಳು ಗೆದ್ದರೂ ಸೋತರೂ ಲೆಕ್ಕ ಎದುರಾಳಿಗೆ ಮಾತ್ರ. ಜೋಡಿಗಳ ಪಟ್ಟಿಯಲ್ಲಿ ಅವಳ ಜಾಗದಲ್ಲಿ 'ಭರ್ತಿ' ಎಂದಷ್ಟೇ ಇರುತ್ತಿತ್ತು.

"ನಮ್ಮಲ್ಲಿಗೆ ಬಂದವರು ಯಾರೂ ಖಾಲಿ ಕೂರೋದಿಲ್ಲ" ಎಂದು ಅವಳ ಗಂಡ ಪ್ರತಿ ಉದ್ಘಾಟನೆಯಲ್ಲೂ ಎದೆಯುಬ್ಬಿಸಿ ಹೇಳುತ್ತಿದ್ದ. ಅವಳ ಮಟ್ಟಿಗಂತೂ ಅದು ಅಪ್ಪಟ ಸತ್ಯ.

ಅವಳು ಆಟ ಕಲಿತದ್ದು ಕಾಯಿ ತೊಳೆಯುತ್ತಾ. ಮದುವೆಯಾದ ಹೊಸತರಲ್ಲಿ ಕ್ಲಬ್ಬಿನ ಕಾಯಿಗಳೆಲ್ಲ ಮನೆಗೇ ಬರುತ್ತಿದ್ದವು, ನೂರಾರು ಕೈಗಳ ಬೆವರು ಮೆತ್ತಿಕೊಂಡು. ಸಾಬೂನು ನೀರಿನ ಬಕೆಟ್ಟಿನಲ್ಲಿ ಅವನ್ನು ಅದ್ದಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕುದುರೆಗಳ ಕಿವಿಯ ಸಂದು ಉಜ್ಜುವಾಗ ಯಾವುದು ಹೇಗೆ ನಡೆಯುತ್ತದೆ ಎಂದು ಗಂಡನನ್ನು ಕೇಳಿದಳು. ಅವನಿಗೂ ಅಭ್ಯಾಸಕ್ಕೆ ಎದುರು ಒಬ್ಬರು ಬೇಕಿತ್ತು. ಸುಮ್ಮನೆ ಕೂತು ಕಪ್ಪು ಕಾಯಿ ನಡೆಸು ಎಂದ. ಎರಡು ವರ್ಷ ನಡೆಸಿದಳು. ಮೂರನೆಯ ವರ್ಷ ಅವನು ಸೋಲತೊಡಗಿದ. ಆಮೇಲೆ ಮಂಡಿನೋವು ಎಂದು ಮನೆಯಲ್ಲಿ ಆಡುವುದನ್ನೇ ಬಿಟ್ಟ. ಚದುರಂಗಕ್ಕೆ ಮಂಡಿ ಯಾಕೆ ಬೇಕು ಎಂದು ಅವಳು ಕೇಳಲಿಲ್ಲ.

ಪಂದ್ಯಾವಳಿ ಬಂತೆಂದರೆ ಅವಳಿಗೆ ಒಂದು ತಿಂಗಳು ಮೈಮೇಲೆ ಪ್ರಜ್ಞೆ ಇರುತ್ತಿರಲಿಲ್ಲ. ಕಾಯಿ ತುಂಬುವ ಹರಿದ ಚೀಲಗಳಿಗೆ ಹೊಲಿಗೆ ಹಾಕಬೇಕು, ಕಳೆದುಹೋದ ಕಾಲಾಳುಗಳಿಗೆ ಬದಲಿ ಹುಡುಕಬೇಕು, ಗಡಿಯಾರಗಳಿಗೆ ಬ್ಯಾಟರಿ ಹಾಕಬೇಕು, ದೂರದಿಂದ ಬಂದವರಿಗೆ ಮನೆಯ ನಡುಕೋಣೆಯಲ್ಲಿ ಹಾಸಿಗೆ ಹಾಕಬೇಕು. ಸಭಾಂಗಣದ ಉಗ್ರಾಣ, ನೀರಿನ ಕೋಣೆ, ಕಕ್ಕಸು, ಕಪಾಟುಗಳು ಎಲ್ಲದರ ಕೀಲಿ ಒಂದೇ ಗೊಂಚಲಾಗಿ ಅವಳ ಸೊಂಟದಲ್ಲಿ. ಒಂದರ ಮೇಲೂ ಗುರುತಿಲ್ಲ. ಯಾವ ಬೀಗಕ್ಕೆ ಯಾವುದು ಎಂದು ಗೊತ್ತಿದ್ದದ್ದು ಅವಳ ಬೆರಳುಗಳಿಗೆ ಮಾತ್ರ. ಯಾರು ಏನು ಕೇಳಿದರೂ ಗಂಡ ತಲೆಯೆತ್ತದೆ "ಅವಳನ್ನ ಕೇಳಿ" ಎನ್ನುತ್ತಿದ್ದ. ಅತ್ತೆಯಂತೂ ಕೂತಲ್ಲಿಂದಲೇ ಚುಚ್ಚುತ್ತಿದ್ದರು. "ಇವರು ಕೂತು ಆಡ್ತಾರೆ, ನೀನು ನಿಂತು ಸಾಯಿ. ನಿನಗ್ಯಾಕಮ್ಮ ಕುರ್ಚಿ ಆಸೆ?"

ಕುರ್ಚಿಯ ಆಸೆ ಇದ್ದದ್ದು ನಿಜ. ಒಂದೇ ಒಂದು ಸಲ, ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ, ಯಾರೂ ಎಬ್ಬಿಸದ ಹಾಗೆ ಕೂರಬೇಕು. ಗೆದ್ದದ್ದೂ ಸೋತದ್ದೂ ತನ್ನ ಲೆಕ್ಕಕ್ಕೆ ಬೀಳಬೇಕು.

ಈ ಸಲ ನೋಂದಣಿಯ ಮೇಜಿಗೆ ಹೋಗಿ ಎಲ್ಲರಂತೆ ಸಾಲಿನಲ್ಲಿ ನಿಂತಳು. ತನ್ನ ಸರದಿ ಬಂದಾಗ ಹೆಸರು ಹೇಳಿದಳು. ಹತ್ತು ವರ್ಷದಿಂದ ಅವಳ ಕೈಯ ಚಹಾ ಕುಡಿದಿದ್ದ ಮುಖ್ಯ ತೀರ್ಪುಗಾರರು ಪೆನ್ನು ಹಿಡಿದು ಅವಳ ಹಿಂದೆ ಯಾರಾದರೂ ಇದ್ದಾರೋ ಎಂದು ಇಣುಕಿದರು.

"ಇದು ಯಾರ ಹೆಸರಮ್ಮ?"

"ನಂದೇ."

ಅವರು ನಾಲಿಗೆ ಕಚ್ಚಿಕೊಂಡು ಬರೆದುಕೊಂಡರು.

ನೋಂದಣಿ ಮುಗಿದು ಎಣಿಸಿದಾಗ ಸಂಖ್ಯೆ ಬೆಸ ಬಂತು. ಅವಳನ್ನು ಬಿಟ್ಟರೆ ಸಮ. ಗಂಡ ಅವಳನ್ನು ಕಂಬದ ಮರೆಗೆ ಕರೆದ. ಬೈಯಲಿಲ್ಲ, ಮಗುವಿಗೆ ಲೆಕ್ಕ ಹೇಳಿಕೊಡುವವನಂತೆ ಮಾತಾಡಿದ.

"ನೋಡು, ಬೆಸ ಆಗ್ತಿರೋದೇ ನಿನ್ನಿಂದ. ಬೆಸ ಆದ್ರೆ ಭರ್ತಿಗೆ ಒಬ್ಬರು ಬೇಕು. ಭರ್ತಿ ಯಾರು? ನೀನೇ. ಆಟಗಾರ್ತಿನೂ ನೀನೇ, ಭರ್ತಿನೂ ನೀನೇ ಅಂದ್ರೆ ಹೇಗೆ? ನೀನೊಬ್ಬಳು ಎದ್ರೆ ಎಲ್ಲಾ ಸಮ ಆಗತ್ತೆ."

"ಯಾರಿಗೆ ಸಮ?" ಎಂದಳು ಅವಳು.

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಷ್ಟರಲ್ಲಿ ತೀರ್ಪುಗಾರರು ಬಂದರು. ಹೆಸರು ಕೊಟ್ಟವರನ್ನು ತೆಗೆಯಲು ನಿಯಮ ಬಿಡುವುದಿಲ್ಲ ಎಂದರು. ಉಳಿದವನಿಗೆ ಆಡದೆ ಅಂಕ ಕೊಡೋಣವೇ ಎಂದು ಕೇಳಿದರು. ಆದರೆ ಯಾರೂ ಖಾಲಿ ಕೂರುವುದಿಲ್ಲ ಎಂದು ಕಾರ್ಯದರ್ಶಿ ಬೆಳಿಗ್ಗೆಯಷ್ಟೇ ಮೈಕಿನಲ್ಲಿ ಹೇಳಿಬಿಟ್ಟಿದ್ದ. "ಹಾಗಾದ್ರೆ ನೀವೇ ಕೂತ್ಕೊಳ್ಳಿ ಸಾರ್, ನಿಮಗೂ ಆಟ ಬರತ್ತಲ್ಲ" ಎಂದರು ತೀರ್ಪುಗಾರರು. ಕಾರ್ಯದರ್ಶಿ ಮಂಡಿ ನೀವಿಕೊಳ್ಳುತ್ತಾ ಕೊನೆಯ ಮೇಜಿಗೆ ನಡೆದ.

ಗೆದ್ದೆ ಎಂದುಕೊಂಡಳು ಅವಳು. ಎಡವಟ್ಟು ಆದದ್ದು ಅಲ್ಲಿಯೇ. ಕೂರುವ ಜಾಗವನ್ನು ಕಸಿದುಕೊಂಡಳೇ ಹೊರತು ಸೊಂಟದ ಗೊಂಚಲನ್ನು ಬಿಚ್ಚಿ ಯಾರ ಕೈಗೂ ಕೊಡಲಿಲ್ಲ. ಕೊಡುವುದಾದರೂ ಯಾರಿಗೆ?

ಮೊದಲ ಸುತ್ತಿನಲ್ಲೇ ನೀರು ನಿಂತಿತು. ಕೆಲಸದವರು ಕಾರ್ಯದರ್ಶಿಯನ್ನು ಹುಡುಕಿಕೊಂಡು ಕೊನೆಯ ಮೇಜಿಗೆ ಹೋದರು. ಅವನು ಮಂತ್ರಿಯ ಮೇಲೆ ಕಣ್ಣು ನೆಟ್ಟುಕೊಂಡೇ "ಅವಳನ್ನ ಕೇಳಿ" ಎಂದ. ಅವರು ಅವಳ ಹತ್ತಿರ ಬಂದರು. ಆಟದ ನಡುವೆ ಯಾರೊಂದಿಗೂ ಮಾತಾಡುವಂತಿಲ್ಲ. ಅವಳು ಕೈಯೆತ್ತಿ ತೀರ್ಪುಗಾರರ ಅನುಮತಿ ಪಡೆದು ಎದ್ದಳು, ಬೀಗ ತೆಗೆದಳು, ಓಡಿ ಬಂದು ಕೂತಳು. ಅವಳ ಗಡಿಯಾರ ಮಾತ್ರ ಕೂತಿರಲಿಲ್ಲ. ಪ್ರತಿ ಸುತ್ತಿನಲ್ಲೂ ಇದೇ ಕತೆ. ಬೇರೆಯವರು ಯೋಚಿಸಲು ಬಳಸುವ ಸಮಯವನ್ನು ಅವಳು ನಡೆಯಲು ಬಳಸಿದಳು. ಕಾರಿಡಾರಿನಲ್ಲಿ ಹೋಗುತ್ತಾ ಆನೆ ಎಲ್ಲಿಡಲಿ ಎಂದು ಯೋಚಿಸಿದಳು, ಹಾಲಿನ ಕ್ಯಾನಿನ ಮುಚ್ಚಳ ತೆಗೆಯುತ್ತಾ ಎದುರಾಳಿಯ ಕುದುರೆಗೆ ದಾರಿ ಕಟ್ಟಿದಳು. ಹಾಗಿದ್ದೂ ಗೆಲ್ಲುತ್ತಾ ಹೋದಳು. ಒಂದು ಸೋತಳು, ಅದು ಹಾಲು ಉಕ್ಕಿದ ಸುತ್ತು.

ಸಂಖ್ಯೆ ಬದಲಾದರೆ ಗಂಡ ಎದ್ದು ಕೆಲಸಕ್ಕೆ ಹೋದಾನು ಎಂಬ ಆಸೆಯೂ ಫಲಿಸಲಿಲ್ಲ. ಆ ಎರಡು ದಿನ ಪುಣ್ಯಾತ್ಮರು ಯಾರಿಗೂ ಜ್ವರ ಬರಲಿಲ್ಲ.

ಕೊನೆಯ ಸುತ್ತಿನಲ್ಲಿ ಅವಳಿಗೆ ಮುಂದಿನ ಸಾಲಿನ ಮೇಜು ಸಿಕ್ಕಿತು. ಎದುರಿಗೆ ರೈಲಿನ ಡ್ರೈವರ್ ಒಬ್ಬರು, ತೂಕದ ಮನುಷ್ಯ, ಕಾಯಿಯನ್ನು ಸದ್ದಾಗದ ಹಾಗೆ ಇಡುವವರು. ಆಟ ಅವಳ ಕೈಗೆ ಬಂದಿತ್ತು. ಎರಡು ಕಾಲಾಳು ಹೆಚ್ಚಿದ್ದವು, ಅದರಲ್ಲೊಂದು ತುದಿಯ ಮನೆ ಮುಟ್ಟಲು ಎರಡೇ ಹೆಜ್ಜೆ ಬಾಕಿ. ಆದರೆ ಗಡಿಯಾರದಲ್ಲಿ ಡ್ರೈವರಿಗೆ ಧಾರಾಳವಾಗಿ ಸಮಯವಿತ್ತು, ಅವಳದು ಸೋರಿಹೋಗಿ ತಳ ಕಂಡಿತ್ತು.

ಆಗ ಚಹಾದವನು ಬಂದು ಪಕ್ಕದಲ್ಲಿ ನಿಂತ. ಬಹುಮಾನದ ಕಪ್ಪುಗಳು ಉಗ್ರಾಣದಲ್ಲಿವೆ, ಅತಿಥಿಗಳು ಬಂದು ಕೂತಿದ್ದಾರೆ ಎಂದು ಪಿಸುಗುಟ್ಟಿದ. ಅವಳು ಹಲಗೆಯಿಂದ ಕಣ್ಣು ತೆಗೆಯದೆ ಗೊಂಚಲು ಬಿಚ್ಚಿ ಅವನ ಕೈಗಿಟ್ಟಳು. ಅವನು ಹೋದ. ಅವಳು ಒಂದು ನಡೆ ನಡೆಸಿದಳು, ಡ್ರೈವರ್ ಉತ್ತರಿಸಿದರು. ಕಾಲಾಳಿಗೆ ಕೈ ಚಾಚುವಷ್ಟರಲ್ಲಿ ಚಹಾದವನು ಮತ್ತೆ ಬಂದ.

"ಅಕ್ಕಾ, ಒಂದೂ ಹತ್ತಲಿಲ್ಲ. ಸಾರ್‌ನ ಕೇಳಿದ್ರೆ ನಿಮ್ಮನ್ನ ಕೇಳು ಅಂದ್ರು."

ಅವಳು ಗೊಂಚಲು ಇಸಿದುಕೊಂಡು ಕೀಲಿಗಾಗಿ ಬೆರಳಾಡಿಸಿದಳು. ಬೀಗ ಎದುರಿಗಿಲ್ಲದೆ ಬೆರಳಿಗೂ ಗೊತ್ತಾಗಲಿಲ್ಲ. ಕೊನೆಯ ಮೇಜಿನ ಕಡೆ ನೋಡಿದಳು. ಗಂಡ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಆಟದಲ್ಲಿ ಮುಳುಗಿದ್ದ. ಈ ಎರಡು ದಿನ ಇಡೀ ಸಭಾಂಗಣದಲ್ಲಿ ಅಷ್ಟು ಸುಖವಾಗಿ ಆಡಿದವರು ಇನ್ನೊಬ್ಬರಿರಲಿಲ್ಲ.

ಅವಳು ಕೈಯೆತ್ತಿದಳು. ತೀರ್ಪುಗಾರರು ತಲೆಯಾಡಿಸಿದರು.

ಉಗ್ರಾಣದ ಬಾಗಿಲು ತೆರೆದು ವಾಪಸು ಬಂದಾಗ ಗಡಿಯಾರದಲ್ಲಿ ಅವಳ ಕಡೆ ಸೊನ್ನೆಗಳು ನಿಂತಿದ್ದವು. ಡ್ರೈವರ್ ಮೇಲೆದ್ದು ನಿಂತಿದ್ದರು, ಗೆದ್ದವರ ಮುಖ ಅಲ್ಲ ಅದು.

"ಸಮ ಅಂತ ಬರೆಸೋಣವಾ ತಾಯಿ? ಆಟ ನಿಮ್ಮದೇ ಆಗಿತ್ತು. ತಲಾ ಅರ್ಧ ಅಂಕ ತಗೊಳ್ಳೋಣ. ತೀರ್ಪುಗಾರರ ಹತ್ರ ನಾನು ಮಾತಾಡ್ತೀನಿ."

ಎರಡು ದಿನದಿಂದ ಆ ಪದ ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು.

"ಬೇಡ ಅಣ್ಣಾ. ಸೋತಿದ್ದನ್ನ ಸೋತ ಹಾಗೇ ಬರೀಲಿ. ನನ್ನ ಹೆಸರಿನ ಮುಂದೆ ಬರೀಲಿ, ಅಷ್ಟು ಸಾಕು."

ತೀರ್ಪುಗಾರರು ಸೊನ್ನೆ ಬರೆಯುವುದನ್ನು ಅವಳು ನಿಂತು ನೋಡಿದಳು. ತನ್ನದೇ ಎನ್ನಬಹುದಾದ ಸೊನ್ನೆ.

ಬಹುಮಾನ ವಿತರಣೆ ಮುಗಿದು ಜನ ಚದುರಿದ ಮೇಲೆ ಮುನ್ನೂರು ಚಿಲ್ಲರೆ ಕುರ್ಚಿಗಳೂ ಅವಳ ಪಾಲಿಗೆ ಖಾಲಿ ಇದ್ದವು. ಅವಳು ನಿಂತೇ ಕಾಯಿಗಳನ್ನು ಚೀಲಕ್ಕೆ ತುಂಬತೊಡಗಿದಳು. ಗಂಡ ಒಳ್ಳೆಯ ಉಮೇದಿನಲ್ಲಿದ್ದ. ಎಷ್ಟೋ ವರ್ಷದ ಮೇಲೆ ಮನಸ್ಸಿಟ್ಟು ಆಡಿದೆ, ಮಂಡಿಯೂ ನೋಯಲಿಲ್ಲ ಎಂದ. ಅವಳ ಮುಖ ನೋಡಿ ಏನೋ ಹೊಳೆದವನಂತೆ ಹತ್ತಿರ ಬಂದ.

"ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷ ನಾನೂ ಸರಿಯಾಗಿ ಹೆಸರು ಕೊಟ್ಟೇ ಆಡ್ತೀನಿ. ನೀನೊಬ್ಬಳು, ನಾನೊಬ್ಬ. ಆಗ ಲೆಕ್ಕ ಸಮ ಆಗತ್ತೆ, ಭರ್ತಿ ತಾಪತ್ರಯಾನೇ ಇರಲ್ಲ."

"ಆಗ ಕೀಲಿ ಯಾರ ಹತ್ರ ಇರತ್ತೆ?"

ಅವನು ನಿಜಕ್ಕೂ ಆಶ್ಚರ್ಯಪಟ್ಟ.

"ನಿನ್ನ ಹತ್ರಾನೇ. ಬೇರೆಯವರಿಗೆ ಏನು ಗೊತ್ತಾಗತ್ತೆ?"

ಅವಳು ಚೀಲದ ದಾರ ಎಳೆದು ಬಿಗಿದಳು. ಒಳಗೆ ಕಪ್ಪು ಬಿಳಿ ಕಾಯಿಗಳು ಒಂದರ ಮೇಲೊಂದು ಬಿದ್ದು ಸದ್ದು ಮಾಡಿ ಸುಮ್ಮನಾದವು.