ನಡುಗಂಬದ ಹತ್ತಿರ ಇಳಿಸಿದ ಕ್ರೇಟು

ರಾಯಲ್ಪಾಡಿನ ಮಾವಿನ ಮಂಡಿಗೆ ನಾನು ಬರೆದುಕೊಟ್ಟ ಕಂಪ್ಯೂಟರ್ ಪರದೆಯನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಪರದೆಯ ಒಂದು ತುದಿಗೆ ಕಾಯಿ ರಾಶಿ, ನಡುವೆ ಹಣ್ಣು ಮಾಡುವ ಕೋಣೆ, ಆ ತುದಿಗೆ ಲಾರಿ. ಕ್ರೇಟಿನ ಚಿತ್ರವನ್ನು ಬೆರಳಲ್ಲಿ ಎಳೆದು ಎಲ್ಲಿ ಬಿಡುತ್ತೀರೋ, ಆಳುಗಳು ನಿಜವಾದ ಕ್ರೇಟನ್ನು ಅಲ್ಲಿಗೇ ಸಾಗಿಸುತ್ತಾರೆ.

ದೂರದೂರಿಗೆ ಹೋಗಬೇಕಿದ್ದ ಕಾಯಿಯೆಲ್ಲ ಹಣ್ಣಿನ ಕೋಣೆ ಸೇರಿ ಮೆತ್ತಗಾಯಿತು. ವರ್ಷಗಟ್ಟಲೆ ಕಾಯಿ ಒತ್ತಿ ನೋಡಿ ವಿಂಗಡಿಸುತ್ತಿದ್ದ, ಈಗ ಈ ಪರದೆಯ ಮುಂದೆ ಕೂರುತ್ತಿದ್ದ ಮಂಡಿಯ ಅಕ್ಕನನ್ನು, ತಪ್ಪು ಅವಳದೇ ಎಂದು ಯಜಮಾನರು ಗೇಟು ಕಾಯಲು ಕಳಿಸಿದರು. ಸುದ್ದಿ ತಿಳಿದು ನಾನು ಮಂಡಿಗೆ ಓಡಿದೆ.

"ಪರದೇಲಿ ಕ್ರೇಟು ನನ್ ಕಣ್ಣೆದುರ್ಗೇ ಲಾರಿಗೋಯ್ತು ಕಣೋ," ಅಂದಳು ಅಕ್ಕ. "ನಡುವೆ ಬೆರಳೆತ್ತಿ ಸೊನೆ ಒರೆಸ್ಕೊಂಡೆ, ಅಷ್ಟೇ."

"ಎತ್ತಬಾರದಕ್ಕಾ. ನೆಟ್ಟಗೆ ಹೋಗ್ಬೇಕು."

"ಹೌದಾ? ಆ ಕ್ರೇಟು ಎತ್ಕೊಂಡು ನೆಟ್ಟಗೆ ಲಾರಿಗೆ ಹೋಗು, ನೋಡ್ತೀನಿ."

ನಡುಗಂಬದವರೆಗೂ ಹೊತ್ತೆ. ಕೈ ಸೋತಿತು. ಕಂಬದ ಕೆಳಗಿನ ಕಲ್ಲಿನ ಮೇಲೆ ಇಳಿಸಿದೆ. ಮಂಡಿಯಲ್ಲಿ ಎಲ್ಲರೂ ಅಲ್ಲೇ ಇಳಿಸಿ, ಕೈ ಬದಲಿಸಿ, ಮತ್ತೆ ಎತ್ತುವುದು.

"ಯಾಕ್ಲಾ, ನಿಂತ್ಬಿಟ್ಟೆ?"

ಕ್ರೇಟನ್ನು ಅಲ್ಲೇ ಬಿಟ್ಟು ಪರದೆಯ ಮುಂದೆ ಕೂತು ನೋಡಿದೆ. ಬೆರಳೆತ್ತಿದ ಕ್ಷಣವೇ ನನ್ನ ಪ್ರೋಗ್ರಾಮು ಕ್ರೇಟನ್ನು ಹಣ್ಣಿನ ಕೋಣೆಗೆ ಬರೆದು ಮುಗಿಸಿತ್ತು. ಆಮೇಲೆ ಅವಳು ಎಳೆದಾಗ ಚಿತ್ರ ಮಾತ್ರ ಲಾರಿಗೆ ಹೋಯಿತು, ದಾಖಲೆ ಕದಲಲಿಲ್ಲ; ಆಳುಗಳು ಸಾಗಿಸಿದ್ದು ದಾಖಲೆಯಂತೆ. ಚಿತ್ರಕ್ಕೊಂದು ನಿಜ, ದಾಖಲೆಗೊಂದು ನಿಜ ಇಟ್ಟು ಕಟ್ಟಿದವನು ನಾನು. ಗೇಟು ಕಾಯುತ್ತಿದ್ದವಳು ಅವಳು.

ಕೋಲಾರದ ನಮ್ಮ ಆಫೀಸಿನ ಹಿರಿಯರು ಫೋನಿನಲ್ಲಿ, "ಬಳಸೋರ ತಪ್ಪು ಅಂತ ಬರ್ಕೊಟ್ಟು ಬಾ," ಎಂದರು. ನಾವ್ಯಾರೂ ಒಂದು ದಿನ ಆ ಮಂಡಿಯಲ್ಲಿ ನಿಂತು ನೋಡಿದವರಲ್ಲ. ಬರೆಯುವುದಿಲ್ಲ ಎಂದು ಫೋನಿಟ್ಟೆ.

ಪ್ರೋಗ್ರಾಮನ್ನು ಬುಡದಿಂದ ಕಿತ್ತು ಕಟ್ಟಿದೆ. ದಾಖಲೆ ಒಂದೇ, ಚಿತ್ರ ಮೂಡುವುದು ಅದರಿಂದಲೇ. ಬೆರಳು ಎಳೆಯುವಷ್ಟು ಹೊತ್ತು ಅದು ಬರೀ ಇರಾದೆ, ದಾಖಲೆಯನ್ನು ಮುಟ್ಟುವುದಿಲ್ಲ. ನಡುವೆ ಬಿಟ್ಟರೆ ಕ್ರೇಟು ಕಾಯಲೆಂದು ಪರದೆಯಲ್ಲೂ ಒಂದು ಕಂಬ, ಒಂದು ಕಲ್ಲು ಬರೆದೆ. ಕೋಣೆಗೆ ಹಾಕಬೇಕಾದರೆ ಕೋಣೆಯ ಬಾಗಿಲಲ್ಲೇ ಬಿಡಬೇಕು.

ಹೊಸ ಪ್ರೋಗ್ರಾಮನ್ನು ಮಂಡಿಗೆ ತೆಗೆದುಕೊಂಡು ಹೋದಾಗ ಯಜಮಾನರು, "ಹಾಕಯ್ಯ ಬೇಗ," ಎಂದರು.

"ತಪ್ಪು ನಂದು. ಅಕ್ಕ ಬಂದು ಕೂತ್ಮೇಲೇ ಹಾಕೋದು," ಎಂದೆ.

ಅವರು ಹೊರಗೆ ಬಿಸಿಲಲ್ಲಿ ನಿಂತಿದ್ದ ಲಾರಿಯನ್ನೊಮ್ಮೆ ನೋಡಿದರು. ಆಮೇಲೆ ಅಕ್ಕನನ್ನು ಒಳಗೆ ಕರೆಯುತ್ತ ಗೇಟಿನ ಕಡೆಗೆ ತೆಲುಗಿನಲ್ಲಿ ಕೂಗಿದರು, "ಏಮಮ್ಮಾ, ಇಟು ರಾ."

ಅಕ್ಕ ಬಂದು ಕೂತಳು. ಕ್ರೇಟನ್ನು ಎಳೆದು, ಕಂಬದ ಹತ್ತಿರ ಬಿಟ್ಟು, ನಿಧಾನವಾಗಿ ಸೆರಗಿಗೆ ಬೆರಳು ಒರೆಸಿದಳು. ಕ್ರೇಟು ಅಲ್ಲೇ ಕಾಯಿತು.

"ಇದನ್ನ ಮೊದ್ಲೇ ಬಂದು ಕೇಳೋಕೆ ಏನಾಗಿತ್ತೋ ನಿಂಗೆ?" ಎಂದಳು, ನನ್ನ ಮುಖ ನೋಡದೆ.